ಹೆಚ್ಚಿನ ಅಕ್ಕಿಯ ಪ್ರಶ್ನೆ: ಕಾಯಕದ ಮಿತಿ ಮತ್ತು ವಿಮೆಯ ಭಾಷೆ

ಲಿಂಗಸುಗೂರು ತಾಲೂಕಿನಲ್ಲಿ ಗುರುಗುಂಟೆಯ ಸಮೀಪದಲ್ಲಿರುವ ಅಮರೇಶ್ವರವು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಊರೆಂಬುದು ಪರಂಪರೆಯಿಂದ ಬಂದ ನಂಬುಗೆ. ಇಬ್ಬರ ವಚನಾಂಕಿತಗಳಲ್ಲಿಯೂ ಅಮರೇಶ್ವರಲಿಂಗದ ಹೆಸರಿರುವುದು ಈ ನಂಬುಗೆಗೆ ಪುಷ್ಟಿಯನ್ನು ಕೊಡುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಇವರು ಕಲ್ಯಾಣಕ್ಕೆ ಹೋಗಿ, ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಿಂದಲೇ ದಾಸೋಹವನ್ನು ನಡೆಸಿದರೆಂಬ ಕಥೆ ಕನ್ನಡ ವಾಚಕರಿಗೆ ಸುಪರಿಚಿತವಾದುದು. ಕಾಯಕವನ್ನು ಕೈಲಾಸಕ್ಕೆ ಸಮನಾಗಿ ಎಣಿಸಿದ ಮಾತು ಮಾರಯ್ಯನ ವಚನದಿಂದ ಬಂದುದೆಂಬುದು ಮಾತ್ರ ಅನೇಕರಿಗೆ ತಿಳಿದಿಲ್ಲ. ಅದನ್ನು ಬಸವಣ್ಣನವರ ಹೆಸರಿನಲ್ಲಿಯೇ ಉದಾಹರಿಸುವುದು ಸಭೆಗಳಲ್ಲಿ ವಾಡಿಕೆಯಾಗಿದೆ. ಈ ವಾಡಿಕೆಯನ್ನು ತಿದ್ದುವುದಕ್ಕಿಂತ ಮುಖ್ಯವಾದ ಬೇರೊಂದು ಕಾರ್ಯವಿದೆ. ಆ ಮಾತನ್ನು ಅದು ಹುಟ್ಟಿದ ಕಥೆಯಿಂದ ಬಿಡಿಸಿ ತೆಗೆದು, ಎಡೆಬಿಡದ ದುಡಿಮೆಗೆ ಪ್ರಮಾಣವಾಕ್ಯವನ್ನಾಗಿ ಬಳಸುತ್ತಿರುವುದು ಸರಿಯೇ ಎಂಬುದನ್ನು ವಿಚಾರಿಸಬೇಕಾಗಿದೆ. ದುಡಿದು ದುಡಿದು ಮೈಮನಗಳು ಸೋತವನಿಗೆ ಇಂದು ಖಾಸಗಿ ವಿಮೆಯೊಂದು ಆಸರೆಯೆಂದು ಹೇಳಲಾಗುತ್ತಿರುವ ಕಾಲದಲ್ಲಿ ಈ ವಿಚಾರವು ಕೇವಲ ಪಾಠವಿಮರ್ಶೆಯಾಗಿ ಉಳಿಯುವುದಿಲ್ಲ.

ಶೂನ್ಯಸಂಪಾದನೆಯ ಪರಂಪರೆಯಲ್ಲಿ ಬರುವ ಈ ದಂಪತಿಗಳ ವೃತ್ತಾಂತದಲ್ಲಿ ಎರಡು ಘಟನೆಗಳು ಗಮನಾರ್ಹವಾಗಿವೆ. ಒಮ್ಮೆ ಮಾರಯ್ಯನು ಶರಣರ ಗೋಷ್ಠಿಯಲ್ಲಿ ಮೈಮರೆತು ಕುಳಿತಿರಲು, ಕಾಯಕವು ನಿಂತುಹೋಯಿತೆಂದು ಲಕ್ಕಮ್ಮನು ಅವನನ್ನು ಎಚ್ಚರಿಸಿ ಕಳುಹಿಸುತ್ತಾಳೆ. ಇನ್ನೊಮ್ಮೆ ಅವನು ದಿನದ ಪರಿಮಾಣಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇದು ಬಸವಣ್ಣನ ಮನಸ್ಸಿನಿಂದ ಬಂದುದೋ ನಿಮ್ಮ ಮನಸ್ಸಿನಿಂದ ಬಂದುದೋ ಎಂದು ಕೇಳಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳುತ್ತಾಳೆ. ಆಸೆಯು ಅರಸರಿಗೆ ತಕ್ಕುದು, ಭಕ್ತರಿಗಲ್ಲ ಎಂಬುದು ಅವಳ ವಾದ. ಒಂದು ಸಲ ದುಡಿಮೆಗೆ ಅಟ್ಟಿದವಳು ಅವಳೇ. ಇನ್ನೊಂದು ಸಲ ದುಡಿಮೆಯ ಫಲವನ್ನು ಹಿಂದಕ್ಕೆ ಕಳುಹಿಸಿದವಳೂ ಅವಳೇ. ಇವೆರಡೂ ಪರಸ್ಪರ ವಿರುದ್ಧವೆಂದು ಮೇಲ್ನೋಟಕ್ಕೆ ತೋರಬಹುದು. ವಸ್ತುತಃ ಇವು ಒಂದೇ ನಿಯಮದ ಎರಡು ತುದಿಗಳು. ಕಾಯಕಕ್ಕೆ ಕೆಳಗಿನ ಮಿತಿಯೊಂದುಂಟು, ಮೇಲಿನ ಮಿತಿಯೊಂದುಂಟು. ಕೆಳಗಿನದನ್ನು ಮುರಿದರೆ ಸೋಮಾರಿತನ, ಮೇಲಿನದನ್ನು ಮುರಿದರೆ ಆಸೆ. ಲಕ್ಕಮ್ಮನ ದೃಷ್ಟಿಯಲ್ಲಿ ಎರಡೂ ಕಾಯಕಭಂಗಗಳೇ ಸರಿ.

ಕಾಯಕನಿರತನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕೆಂಬ ಮಾರಯ್ಯನ ವಚನವನ್ನು ಇದಕ್ಕೆ ಪ್ರತಿಯಾಗಿ ಮುಂದೊಡ್ಡುವವರಿದ್ದಾರೆ. ಆದರೆ ಆ ವಚನವು ಯಾವುದು ಮೇಲು ಯಾವುದು ಕೀಳೆಂಬ ತಾರತಮ್ಯವನ್ನು ಕುರಿತುದಲ್ಲದೆ, ದಿನಕ್ಕೆ ಎಷ್ಟು ಹೊತ್ತು ದುಡಿಯಬೇಕೆಂಬುದನ್ನು ಕುರಿತುದಲ್ಲ. ಪೂಜೆಗಿಂತ ದುಡಿಮೆ ಕೀಳಲ್ಲವೆಂದು ಹೇಳುವುದು ಬೇರೆ. ನಿದ್ರೆಗಿಂತ ದುಡಿಮೆ ಮೇಲೆಂದು ಹೇಳುವುದು ಬೇರೆ. ಎರಡನೆಯದನ್ನು ಮಾರಯ್ಯನ ಬಾಯಲ್ಲಿ ಇಟ್ಟವರು ನಮ್ಮ ಕಾಲದವರು.

ಈ ಆಧುನಿಕ ಪಾಠವು ಹೇಗೆ ರೂಪುಗೊಂಡಿತೆಂಬುದಕ್ಕೆ ದೀರ್ಘವಾದ ಶೋಧನೆ ಬೇಕಿಲ್ಲ. 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ಹಣೆಯ ಮೇಲೆ ಸರ್ಕಾರದ ಕೆಲಸವು ದೇವರ ಕೆಲಸವೆಂದು ಕೆತ್ತಿಸಲಾಯಿತು. ಕಚೇರಿಯ ಕೆಲಸವನ್ನು ಪವಿತ್ರವೆಂದು ಸಾರುವ ಸದುದ್ದೇಶವೇ ಅಲ್ಲಿದ್ದಿತು. ಆದರೆ ದೇವರ ಕೆಲಸಕ್ಕೆ ಮುಗಿಯುವ ಗಂಟೆ ಎಲ್ಲಿಯದು? 2023ರ ಫೆಬ್ರುವರಿಯಲ್ಲಿ ಕರ್ನಾಟಕದ ಶಾಸನಸಭೆಯು ಕಾರ್ಖಾನೆಗಳ ಕಾಯಿದೆಗೆ ತಿದ್ದುಪಡಿ ತಂದು, ವಾರದ 48 ಗಂಟೆಗಳ ಮಿತಿಯನ್ನು ಉಳಿಸಿಕೊಂಡೇ, ದಿನದ ದುಡಿಮೆಯನ್ನು 12 ಗಂಟೆಗಳವರೆಗೆ ಹಿಗ್ಗಿಸಲು ಅವಕಾಶ ಮಾಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್. ಆರ್. ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಹೇಳಿದರು. ಇಂತಹ ಚರ್ಚೆಗಳೆದ್ದಾಗಲೆಲ್ಲ ಕೈಲಾಸದ ಮಾತು ಯಾರದೋ ನಾಲಗೆಯ ಮೇಲೆ ಬಂದೇ ಬರುತ್ತದೆ. ಸುರಿದುಬಂದ ಅಕ್ಕಿಯ ಮಾತು ಬರುವುದು ವಿರಳ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಕೂಡಿ ಪ್ರಕಟಿಸಿದ ಅಂದಾಜಿನ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟೂ ಹೃದಯದ ರಕ್ತನಾಳಗಳ ರೋಗದಿಂದ ಸಾಯುವ ಅಪಾಯ ಶೇಕಡಾ 17ರಷ್ಟೂ ಹೆಚ್ಚು. ಹೆಚ್ಚಿನ ಅಕ್ಕಿಗೆ ತೆತ್ತ ಬೆಲೆಯಿದು.

ಈಗ ಶಬ್ದಗಳ ಕಡೆಗೆ ತಿರುಗೋಣ. ದಣಿವು, ಬಳಲಿಕೆ, ಆಯಾಸ ಎಂಬ ಪದಗಳು ನಮ್ಮಲ್ಲಿ ಹೇರಳವಾಗಿವೆ. ಇವೆಲ್ಲ ವಿಶ್ರಾಂತಿಯಿಂದ ಕಳೆಯುವಂತಹವು. ಒಂದು ರಾತ್ರಿಯ ನಿದ್ರೆಯಿಂದ ಕಳೆಯದ, ಕೆಲಸದ ಹೆಸರೆತ್ತಿದರೇ ಮುಖ ತಿರುಗುವ ಸ್ಥಿತಿಗೆ ಗ್ರಂಥಸ್ಥ ಭಾಷೆಯಲ್ಲಿ ಒಪ್ಪವಾದ ಹೆಸರಿಲ್ಲ. ಇಂಗ್ಲಿಷಿನ ಬರ್ನ್‌ಔಟ್ ಎಂಬ ಪದವನ್ನು ಈ ಅರ್ಥದಲ್ಲಿ ಮನಶ್ಶಾಸ್ತ್ರಕ್ಕೆ ತಂದವರು ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್, 1974ರಲ್ಲಿ. ಅನಂತರ ಕ್ರಿಸ್ಟೀನಾ ಮಾಸ್ಲಾಕ್ ಅವರು ಅದನ್ನು ಅಳೆಯುವ ಕ್ರಮವನ್ನು ರೂಪಿಸಿದರು. ಕನ್ನಡದ ಆಡುನುಡಿಯಾದರೋ ಈ ಸ್ಥಿತಿಯನ್ನು ಬಹುಕಾಲದಿಂದ ಬಲ್ಲದು. ರಾಯಚೂರು ಸೀಮೆಯ ಕೂಲಿಯಾಳು ‘ದಣಿವಾಗ್ಯದ’ ಎಂದರೆ ನಾಳೆ ಕೆಲಸಕ್ಕೆ ಬರುತ್ತಾನೆ. ‘ಸಾಕಾಗ್ಯದ’ ಎಂದರೆ ಬರುವುದು ಸಂದೇಹ. ಸಾಕು ಎಂಬ ಈ ಪುಟ್ಟ ಮಾತು ವಿಚಾರಾರ್ಹವಾದುದು. ಲಕ್ಕಮ್ಮನು ಆಡಿದುದೂ ಸಾಕೆಂಬ ಮಾತನ್ನೇ. ಅವಳು ಅದನ್ನು ಮೊದಲೇ, ಅಳತೆಯಾಗಿ ಆಡಿದಳು. ಇಂದಿನ ದುಡಿಮೆಗಾರನು ಅದನ್ನು ಕೊನೆಯಲ್ಲಿ, ಕುಸಿತವಾಗಿ ಆಡುತ್ತಾನೆ. ಸಲಹುವುದೆಂಬ ಅರ್ಥದ ಸಾಕು ಎಂಬ ಧಾತುವಿಗೂ ಇದಕ್ಕೂ ಸಂಬಂಧವುಂಟೋ ಇಲ್ಲವೋ ಎಂಬುದನ್ನು ಭಾಷಾಶಾಸ್ತ್ರಜ್ಞರಿಗೆ ಬಿಡುತ್ತೇನೆ.

ವಿಮೆ ಎಂಬ ಪದದ ಕಥೆ ಇನ್ನೂ ಸ್ವಾರಸ್ಯಕರವಾಗಿದೆ. ಪಾರಸಿಯಲ್ಲಿ ಬೀಮ್ ಎಂದರೆ ಭಯ. ಅದರಿಂದ ಬಂದ ಬೀಮಾ ಎಂಬುದು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ವಕಾರವನ್ನು ಪಡೆದು ನಿಂತಿದೆ. ಲಕ್ಕಮ್ಮನು ಖಂಡಿಸಿದುದು ಆಸೆಯನ್ನು. ವಿಮೆಯು ಹುಟ್ಟಿರುವುದು ಭಯದಿಂದ. ಆದುದರಿಂದ ಶರಣಧರ್ಮವು ವಿಮೆಗೆ ವಿರೋಧಿಯೆಂದು, ನಾಳಿನ ಚಿಂತೆಯೇ ಭಕ್ತನಿಗೆ ಸಲ್ಲದೆಂದು ಹೇಳುವವರು ಒಂದು ಹೆಜ್ಜೆಯನ್ನು ಹಾರಿದ್ದಾರೆ. ನಾಳೆಗೆ ಇರಲೆಂದು ಅನ್ನದ ಒಂದಗುಳನ್ನೂ ಇರಿಸಿಕೊಳ್ಳಲೊಲ್ಲೆನೆಂಬ ಅರ್ಥದ ಬಸವಣ್ಣನವರ ವಚನವೊಂದು ಇರುವುದು ನಿಜ. ಇದು ನನ್ನ ವಾದಕ್ಕೆ ಪ್ರಬಲವಾದ ಆಕ್ಷೇಪವೆಂದು ಒಪ್ಪುತ್ತೇನೆ. ಆದರೆ ಆ ಮಾತು ಯಾವ ನೆಲದ ಮೇಲೆ ನಿಂತು ಆಡಿದುದು? ದಾಸೋಹವು ನಿತ್ಯವೂ ನಡೆಯುತ್ತಿದ್ದ ಸಮುದಾಯದ ನಡುವೆ. ಅಲ್ಲಿ ಒಬ್ಬನು ಬಿದ್ದರೆ ಉಣ್ಣಿಸುವ ಕೈಗಳಿದ್ದುವು. ಲಕ್ಕಮ್ಮನು ಹಿಡಿಯಷ್ಟು ಅಕ್ಕಿಯಿಂದ ಲಕ್ಷಾಂತರ ಜಂಗಮರನ್ನು ತಣಿಸಿದಳೆಂಬ ಪವಾಡವನ್ನು ನಂಬದವರೂ ಅದರ ಅಭಿಪ್ರಾಯವನ್ನು ಗ್ರಹಿಸಬಹುದು: ಸಾಲುವುದು ಅಥವಾ ಸಾಲದಿರುವುದು ಒಬ್ಬನ ಗಡಿಗೆಯಿಂದ ತೀರ್ಮಾನವಾಗುವ ವಿಷಯವಲ್ಲ. ಆ ಸಮುದಾಯವನ್ನು ತೆಗೆದುಹಾಕಿ, ನಾಳಿನ ಚಿಂತೆ ಬೇಡವೆಂಬ ಉಪದೇಶವನ್ನು ಮಾತ್ರ ಉಳಿಸಿಕೊಂಡು ಒಂಟಿ ಕೂಲಿಯವನಿಗೆ ಬೋಧಿಸುವುದು ನಿಷ್ಕರುಣೆಯಾಗುತ್ತದೆ.

ಅನೇಕರ ಸಣ್ಣ ಸಣ್ಣ ಪಾಲುಗಳನ್ನು ಒಂದೆಡೆ ಕೂಡಿಸಿ ಬಿದ್ದವನನ್ನು ಎತ್ತುವುದೇ ವಿಮೆಯ ಮೂಲತತ್ತ್ವವಾದುದರಿಂದ, ಅದು ಕಣಜಕ್ಕಿಂತ ದಾಸೋಹದ ಗಡಿಗೆಗೆ ಹೆಚ್ಚು ಹತ್ತಿರವಾದುದೆಂದು ನನ್ನ ಅಭಿಮತ. ಮೈಸೂರು ಸಂಸ್ಥಾನವು 1891ರಲ್ಲಿಯೇ ತನ್ನ ನೌಕರರಿಗಾಗಿ ಜೀವವಿಮೆಯನ್ನು ಸ್ಥಾಪಿಸಿದುದೂ, 1956ರಲ್ಲಿ ಜೀವವಿಮೆಯೂ 1973ರಲ್ಲಿ ಸಾಮಾನ್ಯ ವಿಮೆಯೂ ರಾಷ್ಟ್ರದ ವಶಕ್ಕೆ ಬಂದುದೂ ಈ ತತ್ತ್ವದ ವಿಸ್ತಾರಗಳೇ. 1999ರ ಕಾಯಿದೆಯ ಬಳಿಕ ಖಾಸಗಿ ಕಂಪನಿಗಳು ಮರಳಿ ಬಂದುವು. ಕೂಡಿಸುವುದು ವಿಮೆಯ ತತ್ತ್ವವಾದರೆ, ಆರಿಸುವುದು ಖಾಸಗಿ ವಿಮೆಯ ವ್ಯಾಪಾರ. ಯಾರು ಹೆಚ್ಚು ಬೀಳುವ ಸಂಭವವುಂಟೋ ಅವರಿಂದ ಹೆಚ್ಚು ಕಂತನ್ನು ಕೇಳುವುದು, ಇಲ್ಲವೆ ಅವರನ್ನು ದೂರವಿಡುವುದು ಅದರ ಲೆಕ್ಕಾಚಾರಕ್ಕೆ ಸಹಜ. ಇದನ್ನು ದೂರುವುದಕ್ಕಿಂತ ತಿಳಿದಿರುವುದು ಮುಖ್ಯ.

ನಮ್ಮ ಸೀಮೆಯ ದುಡಿಮೆಯ ಸ್ವರೂಪವನ್ನು ಈ ಸಂದರ್ಭದಲ್ಲಿ ನೋಡಬೇಕು. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನರು 600 ಅಡಿಗೂ ಮೀರಿದ ಆಳಕ್ಕೆ ಇಳಿದು ಚಿನ್ನವನ್ನು ತೆಗೆದ ಕುರುಹುಗಳಿವೆ. ಮಸ್ಕಿಯಲ್ಲಿ ಅಶೋಕನ ಹೆಸರನ್ನು ಹೊತ್ತ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದ ಬೀಡನ್ ಎಂಬವನೂ ಚಿನ್ನವನ್ನು ಅರಸುತ್ತ ಬಂದ ಗಣಿ ಎಂಜಿನಿಯರನೇ. ಇಂದಿನ ಗಣಿಯ ಕಂಪನಿಯು 1947ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಆರಂಭವಾಗಿ, 1956ರ ರಾಜ್ಯ ಪುನರ್ವಿಂಗಡಣೆಯೊಡನೆ ಈಗಿನ ಹೆಸರನ್ನು ಪಡೆಯಿತು. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ಮೇಲೆ ದೇಶದ ಚಿನ್ನದ ಉತ್ಪಾದನೆಯ ಭಾರವು ಬಹುಮಟ್ಟಿಗೆ ಇದರ ಮೇಲೆಯೇ ಬಿದ್ದಿದೆ. ಭೂಗರ್ಭದಲ್ಲಿ ಪಾಳಿಯಲ್ಲಿ ದುಡಿಯುವವನಿಗೆ 1952ರ ಗಣಿ ಕಾಯಿದೆಯು ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಮಿತಿಯನ್ನು ವಿಧಿಸಿತು. ಲಕ್ಕಮ್ಮನ ಅಳತೆಯ ಶಾಸನರೂಪವಿದೆಂದು ಹೇಳಿದರೆ ಅತ್ಯುಕ್ತಿಯಾಗಲಾರದು. ಗಣಿಗಾರನ ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಕೂಡಿ ಬರುವ ಸಿಲಿಕೋಸಿಸ್ ರೋಗವನ್ನು ಕಾರ್ಮಿಕ ಪರಿಹಾರದ ಶಾಸನವು ತನ್ನ ಅನುಸೂಚಿಯಲ್ಲಿ ಹೆಸರಿಸಿದ ಬಳಿಕವೇ ಅದು ಪರಿಹಾರಕ್ಕೆ ಅರ್ಹವಾದ ರೋಗವಾಯಿತು. ಅದಕ್ಕೆ ಮೊದಲು ಕೆಮ್ಮುತ್ತಿದ್ದವನು ಬರಿಯ ಕೆಮ್ಮುತ್ತಿದ್ದವನು. ಹೆಸರಿಡುವುದೆಂದರೆ ಹೊಣೆಯನ್ನು ಒಪ್ಪುವುದೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವು ಬೇಕಿಲ್ಲ.

ಸಿಂಧನೂರಿನ ಚಿತ್ರ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಅದು ಭತ್ತದ ಸೀಮೆಯಾಗಿದೆ. ಅಕ್ಕಿಯನ್ನು ಆಯ್ದು ಬಾಳಿದವರ ನೆರೆಯಲ್ಲಿಯೇ ಇಂದು ಅಕ್ಕಿಯ ಗಿರಣಿಗಳು ಎದ್ದಿರುವುದು ಕಾಲದ ವಿನೋದ. ಇಲ್ಲಿ ಚೀಲ ಹೊರುವ ಹಮಾಲನ ಕೂಲಿ ಚೀಲದ ಲೆಕ್ಕದ್ದು. ಹೊತ್ತಷ್ಟು ಹಣ, ಹೊರದ ದಿನ ಏನೂ ಇಲ್ಲ. ಸುಗ್ಗಿಯಲ್ಲಿ ಎಷ್ಟು ಹೊತ್ತರೂ ಸಾಲದು, ಏಕೆಂದರೆ ಸುಗ್ಗಿ ಮುಗಿದ ಮೇಲೆ ಹೊರುವುದಕ್ಕೆ ಚೀಲಗಳಿಲ್ಲ. ಇವನಿಗೆ ಹೆಚ್ಚಿನ ಅಕ್ಕಿಯನ್ನು ಸುರಿದು ಬಾ ಎಂದು ಹೇಳುವ ಧೈರ್ಯ ಯಾವ ವಿಮರ್ಶಕನಿಗೂ ಇರಲಾರದು. ಮಾರಯ್ಯನ ಹೆಚ್ಚಿನ ಅಕ್ಕಿ ಆಸೆಯಿಂದ ಬಂದುದಾದರೆ, ಇವನ ಹೆಚ್ಚಿನ ಚೀಲ ಬರುವುದು ಭಯದಿಂದ. ವಿಮೆಗೆ ನಿಜವಾದ ಕೆಲಸವಿರುವುದು ಇಲ್ಲಿಯೇ. ಆ ಕೆಲಸವನ್ನು ವಿಮಾಪತ್ರವು ಮಾಡುತ್ತದೆಯೇ ಎಂಬುದನ್ನು ಅದರ ಪಾಠದಿಂದಲೇ ನಿರ್ಣಯಿಸಬೇಕು.

ಮೊದಲನೆಯ ತೊಡಕು ವ್ಯಾಖ್ಯೆಯದು. ಸಾಮಾನ್ಯವಾದ ಆರೋಗ್ಯ ವಿಮಾಪತ್ರವು ರೋಗ ಅಥವಾ ಗಾಯದ ಚಿಕಿತ್ಸೆಗೆ ಹಣ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕೃತವಾದ ತನ್ನ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಬರ್ನ್‌ಔಟ್ ಎಂಬುದನ್ನು ಸೇರಿಸಿದೆಯಾದರೂ, ಅದನ್ನು ಉದ್ಯೋಗಸಂಬಂಧಿಯಾದ ವಿದ್ಯಮಾನವೆಂದು ಕರೆದು, ರೋಗವಲ್ಲವೆಂದು ಸ್ಪಷ್ಟಪಡಿಸಿದೆ. ಶಕ್ತಿಯ ಬತ್ತುವಿಕೆ, ಕೆಲಸದ ಬಗೆಗೆ ಮನಸ್ಸಿನ ದೂರ, ಕಾರ್ಯಸಾಮರ್ಥ್ಯದ ಇಳಿಕೆ ಎಂಬ ಮೂರು ಲಕ್ಷಣಗಳನ್ನು ಅದು ಹೇಳುತ್ತದೆ. ವೈದ್ಯಶಾಸ್ತ್ರದ ದೃಷ್ಟಿಯಿಂದ ಈ ಎಚ್ಚರಿಕೆ ಸಾಧುವೇ. ಕೆಲಸದ ದೋಷವನ್ನು ಕೆಲಸಗಾರನ ರೋಗವೆಂದು ಕರೆಯುವುದು ಅನ್ಯಾಯ. ಆದರೆ ಪರಿಣಾಮವೇನು? ಈ ಸ್ಥಿತಿಯು ಖಿನ್ನತೆಯಾಗಿಯೋ ಹೃದ್ರೋಗವಾಗಿಯೋ ಬೆಳೆಯುವವರೆಗೆ ವಿಮಾಪತ್ರಕ್ಕೆ ಅದು ಕಾಣುವುದೇ ಇಲ್ಲ.

ಖಿನ್ನತೆಯಾಗಿ ಬೆಳೆದರೆ ಮಾರ್ಗವೊಂದುಂಟು. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಕಾಯಿದೆಯ 21ನೆಯ ಕಲಮು, ದೈಹಿಕ ರೋಗಗಳಿಗೆ ಇರುವ ಆಧಾರದ ಮೇಲೆಯೇ ಮಾನಸಿಕ ರೋಗಗಳಿಗೂ ವಿಮೆಯನ್ನು ಒದಗಿಸಬೇಕೆಂದು ಎಲ್ಲ ವಿಮಾದಾರರಿಗೂ ವಿಧಿಸಿತು. ವಿಮಾಪತ್ರದಲ್ಲಿ ಮಾನಸಿಕ ರೋಗವನ್ನು ಹೊರತುಪಡಿಸಿದೆಯೆಂಬ ನೆಪವು ಕಾಯಿದೆ ಜಾರಿಗೆ ಬಂದ ಮೇಲೆ ನಿಲ್ಲದೆಂದು ದೆಹಲಿಯ ಉಚ್ಚ ನ್ಯಾಯಾಲಯವು 2021ರ ಏಪ್ರಿಲಿನಲ್ಲಿ ತೀರ್ಪಿತ್ತಿತು. ಇದು ದೊಡ್ಡ ಗೆಲುವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಸಾಮಾನ್ಯ ವಿಮಾಪತ್ರವು ಒಳರೋಗಿಯಾಗಿ ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿದ್ದವನ ವೆಚ್ಚವನ್ನು ಮುಖ್ಯವಾಗಿ ಭರಿಸುವಂತಹುದು. ಸೋತ ಮನಸ್ಸಿಗೆ ಬೇಕಾದುದು ಬಹುತೇಕ ಹಾಸಿಗೆಯಲ್ಲ. ವೈದ್ಯನೊಡನೆ ಮಾತು, ಔಷಧ, ಬಿಡುವು. ಆಪ್ತಸಮಾಲೋಚನೆ ಹಾಗೂ ಹೊರರೋಗಿ ಚಿಕಿತ್ಸೆಯ ವೆಚ್ಚವನ್ನು ಪ್ರತ್ಯೇಕವಾಗಿ ಸೇರಿಸಿದ್ದರೆ ಮಾತ್ರ ಈ ಮೊದಲೆರಡು ದೊರೆಯುತ್ತವೆ. ಬಿಡುವು ಯಾವ ಪಟ್ಟಿಯಲ್ಲಿಯೂ ಇಲ್ಲ. ದಿನಕ್ಕೆ ಇಂತಿಷ್ಟೆಂದು ನಗದು ಕೊಡುವ ಪೂರಕ ವಿಮೆಗಳಿವೆಯಷ್ಟೆ. ಅವೂ ಆಸ್ಪತ್ರೆಯ ದಿನಗಳನ್ನೇ ಎಣಿಸುತ್ತವೆ. ವಾರದ ಕೂಲಿಯನ್ನು ತುಂಬಿಕೊಡುವ ಅಪಘಾತ ವಿಮೆಗೆ ಅಪಘಾತವೇ ಆಗಬೇಕು.

ಇನ್ನು ಅರ್ಜಿಯ ಪ್ರಶ್ನೆ. ವಿಮೆಯ ಒಪ್ಪಂದವು ಪರಮವಿಶ್ವಾಸದ ಒಪ್ಪಂದವೆಂಬುದು ನ್ಯಾಯಶಾಸ್ತ್ರದ ಮಾತು. ಅರ್ಜಿದಾರನು ತನ್ನ ಹಿಂದಿನ ಕಾಯಿಲೆಗಳನ್ನೆಲ್ಲ ತಿಳಿಸತಕ್ಕದ್ದು. ಮನಸ್ಸಿನ ಕಾಯಿಲೆಗೆ ಔಷಧ ತೆಗೆದುಕೊಂಡಿದ್ದೇನೆಂದು ಏಜೆಂಟನ ಮುಂದೆ ಬರೆಯುವುದು, ಏಜೆಂಟನು ಅದೇ ಓಣಿಯವನಾಗಿರುವ ಸಣ್ಣ ಊರಿನಲ್ಲಿ, ಹಗುರವಾದ ಸಂಗತಿಯಲ್ಲ. ಮಗಳ ಮದುವೆಯ ಮಾತಿಗೂ ಅದು ಅಡ್ಡ ಬರಬಹುದೆಂದು ಹೆದರಿ ಮುಚ್ಚಿಡುವವರುಂಟು. ಮುಚ್ಚಿಟ್ಟುದು ಮುಂದೆ ಪರಿಹಾರವನ್ನು ನಿರಾಕರಿಸಲು ಕಾರಣವಾಗುತ್ತದೆ. ಬರೆದರೆ ಹೋಗುವುದು ಕಡಮೆ, ಮುಚ್ಚಿಟ್ಟರೆ ಹೋಗುವುದು ಹೆಚ್ಚೆಂದು ನಿಸ್ಸಂಶಯವಾಗಿ ಹೇಳಬಹುದು. 2024ರ ನಿಯಮಗಳು ಹಿಂದಿನಿಂದ ಇದ್ದ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು 48ರಿಂದ 36 ತಿಂಗಳುಗಳಿಗೆ ಇಳಿಸಿವೆ. 60 ತಿಂಗಳು ಎಡೆಬಿಡದೆ ಕಂತು ಕಟ್ಟಿದ ಮೇಲೆ, ವಂಚನೆಯು ಸಿದ್ಧವಾದ ಹೊರತು, ತಿಳಿಸಲಿಲ್ಲವೆಂಬ ಆಕ್ಷೇಪಕ್ಕೆ ಎಡೆಯಿಲ್ಲ. ವಿಮಾಪತ್ರವು ಕೈಸೇರಿದ 30 ದಿನಗಳೊಳಗೆ ಓದಿ ಒಪ್ಪಿಗೆಯಾಗದಿದ್ದರೆ ಹಿಂತಿರುಗಿಸಲೂಬಹುದು. ಓದುವುದೆಂತು ಎಂಬುದು ಬೇರೆ ಮಾತು. ಇಂಗ್ಲಿಷಿನಿಂದ ಶಬ್ದಕ್ಕೆ ಶಬ್ದವಿಟ್ಟು ಮಾಡಿದ ವಿಮೆಯ ಕನ್ನಡವನ್ನು ಓದಿ ಅರ್ಥಮಾಡಿಕೊಳ್ಳುವುದಕ್ಕಿಂತ ಹಳಗನ್ನಡದ ಶಾಸನವನ್ನು ಓದುವುದು ಸುಲಭವೆಂದು ನನಗೆ ಅನೇಕ ಸಲ ಅನಿಸಿದೆ. ನಮ್ಮ ಕನ್ನಡ ವಿಭಾಗಗಳು ಕೈಹಾಕಬೇಕಾದ ಸಂಪಾದನಕಾರ್ಯಗಳಲ್ಲಿ ಇದೂ ಒಂದು.

ಎಲ್ಲಕ್ಕಿಂತ ಕಡಮೆ ಗಮನಕ್ಕೆ ಬಂದಿರುವ ದೋಷವೆಂದರೆ, ಕಚೇರಿಯು ಮಾಡಿಸಿಕೊಡುವ ಸಾಮೂಹಿಕ ವಿಮೆಯದು. ಅದು ಉದ್ಯೋಗ ಇರುವವರೆಗೆ ಮಾತ್ರ. ದುಡಿದು ಸೋತವನು ತಾಳಲಾರದೆ ರಾಜೀನಾಮೆ ಕೊಟ್ಟನೆಂದಿಟ್ಟುಕೊಳ್ಳಿ. ವಿಮೆಯು ಅಗತ್ಯವಾದ ಗಳಿಗೆಯಲ್ಲಿಯೇ ಅವನ ಕೈತಪ್ಪುತ್ತದೆ. ಹೊಸದಾಗಿ ಕೊಳ್ಳಹೋದರೆ ಕಾಯುವ ಅವಧಿ ಮೊದಲಿನಿಂದ ಆರಂಭವಾಗುತ್ತದೆ. ಆರೋಗ್ಯವಂತನಾಗಿರುವಾಗಲೇ ಸ್ವಂತದ ವಿಮೆಯೊಂದನ್ನು ಪ್ರತ್ಯೇಕವಾಗಿ ಮಾಡಿಸಿಕೊಂಡಿರುವುದು, ಇಲ್ಲವೆ ಕೆಲಸ ಬಿಡುವ ಮೊದಲೇ ಸಾಮೂಹಿಕ ವಿಮೆಯಿಂದ ಅದೇ ಕಂಪನಿಯ ವೈಯಕ್ತಿಕ ವಿಮೆಗೆ ವರ್ಗಾಯಿಸಿಕೊಳ್ಳುವುದು ವಿವೇಕ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇಕಡಾ 18ರ ತೆರಿಗೆಯನ್ನು ತೆಗೆದುಹಾಕಿರುವುದರಿಂದ ಹೊರೆ ತುಸು ಇಳಿದಿದೆ. ಆದರೂ ತಿಂಗಳ ಸಂಬಳವುಳ್ಳವನಿಗೆ ಈ ಮಾತು ಸರಿ. ಹಮಾಲನು ಕಂತನ್ನು ಕಟ್ಟಬೇಕಾದರೆ ಇನ್ನಷ್ಟು ಚೀಲಗಳನ್ನು ಹೊರಬೇಕು. ಯಾವ ಅತಿಶ್ರಮದ ಫಲದಿಂದ ರಕ್ಷಣೆ ಬೇಕೋ ಆ ಅತಿಶ್ರಮದಿಂದಲೇ ರಕ್ಷಣೆಯನ್ನು ಕೊಳ್ಳಬೇಕಾದ ಈ ವಿಪರೀತವನ್ನು ಖಾಸಗಿ ವಿಮೆಯ ಪ್ರಚಾರಸಾಹಿತ್ಯವು ಎಲ್ಲಿಯೂ ಎತ್ತುವುದಿಲ್ಲ.

ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯು ಮೊದಲ ವರ್ಷ ತಲೆಗೆ 60 ರೂಪಾಯಿಗಳ ಸಮನಾದ ಕಂತನ್ನು ವಿಧಿಸಿ, ಬಲಿಷ್ಠನನ್ನೂ ದುರ್ಬಲನನ್ನೂ ಒಂದೇ ಗಡಿಗೆಗೆ ಸೇರಿಸಿತು. 2018ರಲ್ಲಿ ನಿಂತು ಅನಂತರ ಮತ್ತೆ ಚಾಲನೆ ಪಡೆದ ಆ ಯೋಜನೆಯ ಮುಖ್ಯ ಲಕ್ಷ್ಯವು ಶಸ್ತ್ರಚಿಕಿತ್ಸೆ. ದಣಿವನ್ನು ಕತ್ತರಿಸಿ ತೆಗೆಯಲಾಗದು. ಬಿಡುವಿಗೇ ಹಣ ಕೊಡುವ ವ್ಯವಸ್ಥೆಯೊಂದು ನಮ್ಮಲ್ಲಿದ್ದರೆ ಅದು 1948ರ ಕಾಯಿದೆಯಿಂದ ಹುಟ್ಟಿದ ಕಾರ್ಮಿಕರ ರಾಜ್ಯ ವಿಮೆ. ವೈದ್ಯನ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇಕಡಾ 70ರಷ್ಟನ್ನು ಅದು ಕೊಡುತ್ತ ಬಂದಿದೆ. ಆ ಕಾಯಿದೆಯು ಗಣಿಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಹತ್ತಕ್ಕಿಂತ ಕಡಮೆ ಜನರಿರುವ ಸಣ್ಣ ಗಿರಣಿಗಳೂ ಹೊರಗುಳಿದುವು. ಒಳಗೆ ಬಂದ ಗಿರಣಿಯಲ್ಲಿಯೂ ಕೂಲಿಯ ಪುಸ್ತಕದಲ್ಲಿ ಹೆಸರಿಲ್ಲದ ಹಮಾಲನಿಗೆ ಆ 91 ದಿನಗಳಿಲ್ಲ. ಪ್ರಮಾಣಪತ್ರವನ್ನು ಬರೆಯಬಲ್ಲ ಮನೋವೈದ್ಯನು ತಾಲೂಕಿನಲ್ಲಿ ದೊರೆಯುವಂತಾಗಬೇಕೆಂಬ ಯೋಚನೆ ಹೊಸದಲ್ಲ. ನಿಮ್ಹಾನ್ಸ್ ಸಂಸ್ಥೆಯವರು 1985ರಲ್ಲಿ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಸಿಂಧನೂರಿನಿಂದ ಬಳ್ಳಾರಿಗೆ ಬಸ್ಸಿನಲ್ಲಿ ಹೋಗಿ ಬರುವುದಕ್ಕೆ ಹಮಾಲನಿಗೆ ಒಂದು ದಿನದ ಕೂಲಿ ಬೇಕು.